ಹಿಂದೆ ನೋಡಿ ಹೇಳುವ ರೈಟ್

ನಮ್ಮ ಮಾವ ಗುರುಲಿಂಗಪ್ಪನವರು ‘ರೈಟ್’ ಅನ್ನದೆ ಕುರ್ಚಿಯಿಂದ ಏಳುವುದಿಲ್ಲ. ಹೆಣ್ಣು ನೋಡಲು ಬಂದಾಗ ಈ ಮನೆಯವರು ಹುಡುಗನ ನೌಕರಿ, ಮನೆಯ ಬೋರ್‌ವೆಲ್, ಮಾಳಿಗೆಯ ಮೇಲಿನ ಎರಡು ಕೋಣೆ ಎಲ್ಲದರ ಬಗ್ಗೆ ಬಾಯಿ ತುಂಬ ಹೇಳಿದ್ದರು. ಇದೊಂದನ್ನು ಮಾತ್ರ ನುಂಗಿಕೊಂಡಿದ್ದರು. ನಮ್ಮ ಮದುವೆಯ ದಿನ ಎಲ್ಲರೂ ಅಕ್ಷತೆ ಹಾಕಿ ಊಟಕ್ಕೆ ನುಗ್ಗಿದರೂ ಮಾವ ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡು ನಿಂತೇ ಇದ್ದರು. ಪಾಪ, ಒಬ್ಬನೇ ಮಗ, ಕರುಳು ಹಿಂಡಿದೆ ಎಂದುಕೊಂಡು ನಾನೂ ಕಣ್ಣು ಒರೆಸಿಕೊಂಡೆ. ಆಮೇಲೆ ಅತ್ತೆ ಅಂಬಮ್ಮ ಊಟದ ಪಂಕ್ತಿಯಿಂದ ಎಂಜಲು ಕೈಯಲ್ಲೇ ಎದ್ದು ಬಂದು ‘ರೈಟ್’ ಎಂದರು. ಅಕ್ಷತೆ ನಮ್ಮ ತಲೆಯ ಮೇಲೆ ಬಿತ್ತು.

ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಅವರ ಸರ್ವಿಸೆಲ್ಲ ಕಲಬುರಗಿ–ಕಮಲಾಪುರದ ದಾರಿಯಲ್ಲೇ ಸವೆಯಿತು. ಬಾಗಿಲಲ್ಲಿ ಕಂಡಕ್ಟರ್ ಮೋಮಿನಪುರದ ನಬಿಸಾಬ್. ಒಂದು ಸೀಟಿ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಸೀಟಿ ಕೈಗೆ ಸಿಗದಿದ್ದರೆ ಬಾಯಲ್ಲೇ ‘ಹೋಲ್ಡಾನ್’, ‘ರೈಟ್’. ಮಾವನ ಶಾಸ್ತ್ರ ಪುರಾಣವೆಲ್ಲ ಇಷ್ಟೇ. ಒಮ್ಮೆ ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ಇಳಿದ ನಬಿಸಾಬರು ಯಾರೋ ಬೀಗರ ಜೊತೆ ಮಾತಿಗೆ ಬಿದ್ದು ಬಸ್ಸನ್ನೇ ಮರೆತರಂತೆ. ಜನ ಬೊಬ್ಬೆ ಹೊಡೆದರು, ಬೈದರು, ಕೊನೆಗೆ ಇಳಿದು ಟೆಂಪೊ ಹತ್ತಿ ಊರು ಸೇರಿದರು. ಮಾವ ಖಾಲಿ ಬಸ್ಸಿನಲ್ಲಿ ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಇಂಥವರಿಂದ ಅಪಘಾತವಾದರೂ ಹೇಗೆ ಆದೀತು? ಇಲಾಖೆ ಕರೆದು ಪದಕ ಕೊಟ್ಟಿತು.

ರಿಟೈರ್ ಆದ ದಿನ ನಬಿಸಾಬರು ಮಾವನನ್ನು ಮನೆಯವರೆಗೆ ಕರೆತಂದು, ಆಫೀಸಿನಲ್ಲಿ ಚಾರ್ಜ್ ಕೊಡುವವರ ಹಾಗೆ ಅತ್ತೆಯ ಮುಂದೆ ನಿಂತು, “ವೈನಿ, ಇನ್ಮ್ಯಾಲೆ ಇವರ ಚಾರ್ಜ್ ನಿಮ್ಮದು” ಎಂದರಂತೆ. ಅತ್ತೆ ತಮಾಷೆ ಎಂದು ನಕ್ಕರು. ಮರುದಿನ ಬೆಳಿಗ್ಗೆ ಚಹಾ ತಣ್ಣಗಾದರೂ ಮಾವ ಲೋಟ ಎತ್ತದಿದ್ದಾಗ ಅವರ ನಗು ನಿಂತಿತು. ಅಂದಿನಿಂದ ಮುಖ ತೊಳೆಯಲು ರೈಟ್, ರೊಟ್ಟಿ ಮುರಿಯಲು ರೈಟ್, ಅನ್ನ ಸಾಕಾದಾಗ ಹೋಲ್ಡಾನ್. ಅತ್ತೆ ಒಂದು ತೊಟ್ಟಿಲಿಗೆ ಹೋಗುವಂತಿಲ್ಲ, ಒಂದು ಸೀಮಂತಕ್ಕೆ ಹೋಗುವಂತಿಲ್ಲ. ನಬಿಸಾಬರ ಕಥೆ ಇದಕ್ಕೆ ತಿರುಗುಮುರುಗು. ಅದೇ ತಿಂಗಳು ರಿಟೈರ್ ಆದ ಅವರು ಕೈಗಡಿಯಾರ ಬಿಚ್ಚಿ ಪೆಟ್ಟಿಗೆಗೆ ಹಾಕಿ, ಮನಸ್ಸು ಬಂದಾಗ ಎದ್ದು ಮನಸ್ಸು ಬಂದ ಹೋಟೆಲಿನಲ್ಲಿ ಕೂರುತ್ತಿದ್ದರು. ಅವರ ಹೆಂಡತಿ ಅಕ್ಬರಿ ಬೇಗಂ ಊಟದ ಹೊತ್ತಿಗೆ ಮೋಮಿನಪುರದ ಹೋಟೆಲುಗಳಿಗೆಲ್ಲ ಆಳು ಕಳಿಸಿ ಹುಡುಕಿಸಬೇಕಾಗಿತ್ತು.

ನನ್ನ ಗಂಡ ಮಹಾದೇವನಿಗೆ ಎಲ್ಲ ರೋಗಕ್ಕೂ ಫೋನಿನಲ್ಲಿ ಮದ್ದು ಸಿಗುತ್ತದೆ ಎಂಬ ನಂಬಿಕೆ. ಶರಣಸಿರಸಗಿಯ ಹೊಸ ಲೇಔಟಿನಲ್ಲಿ ‘ಅಂತರಂಗ ಶಾಂತಿ ಶಿಬಿರ’ ನಡೆಯುತ್ತದೆ ಎಂದು ಓದಿ ಮಾವನನ್ನು ಕರೆದುಕೊಂಡು ಹೋದ. ನಾನೂ ಹೋದೆ. ಕಲಿಸುವವನು ಕುನಾಲ ಎಂಬ ತರುಣ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಜೇನಿನಂಥ ದನಿ. ಶಿಸ್ತು ಒಂದು ಕೈ, ಸ್ವಾತಂತ್ರ್ಯ ಇನ್ನೊಂದು ಕೈ, ಎರಡೂ ಸೇರಿದರೆ ನಮಸ್ಕಾರ, ಅದೇ ಶಾಂತಿ ಎಂದು ಹೇಳಿಕೊಟ್ಟ. ಕೇಳಲು ಚೆನ್ನಾಗಿತ್ತು. ಕಣ್ಣು ಮುಚ್ಚಿ ಕೂಡ್ರಿ, ಗಂಟೆ ಬಾರಿಸಿದಾಗ ಕಣ್ಣು ತೆರೆಯಿರಿ ಎಂದ. ಮಾವನಿಗೆ ಕಿವಿಯಲ್ಲಿ ರೈಟ್ ಹೇಳಿ ಕೂರಿಸಲು ಅತ್ತೆಯೂ ಬಂದಿದ್ದರು. ಅವರು ಕೂರಿಸಿದ ಕೂಡಲೇ ಒಲೆಯ ಮೇಲಿನ ಬೇಳೆ ನೆನಪಾಗಿ ಮನೆಗೆ ಹೊರಟುಹೋದರು.

ಕುನಾಲ ಗಂಟೆ ಬಾರಿಸಿದ. ಒಂದೇ ಸಲ ಬಾರಿಸಿದ. ಸೀಟಿಯಾಗಲಿ ಗಂಟೆಯಾಗಲಿ, ಒಂದೇ ಹೊಡೆತ ಅಂದರೆ ಮಾವನ ಲೆಕ್ಕದಲ್ಲಿ ನಿಲ್ಲು ಎಂದರ್ಥ. ಎಲ್ಲರೂ ಕಣ್ಣು ತೆರೆದು ಕೈಕಾಲು ಕೊಡವಿಕೊಂಡರು; ಮಾವ ಅಲುಗಲಿಲ್ಲ. ಕುನಾಲನಿಗೆ ಮೊದಲು ಭಾರಿ ಖುಷಿಯಾಯಿತು. ನೋಡ್ರಿ, ಮೊದಲನೇ ದಿನವೇ ಎಷ್ಟು ಆಳಕ್ಕೆ ಇಳಿದಾರ ಎಂದು ಎಲ್ಲರಿಗೂ ತೋರಿಸಿದ. ತಾಸು ಕಳೆದ ಮೇಲೆ ಲೇಔಟಿನ ಹೆಂಗಸರು ಊದುಬತ್ತಿ ಹಚ್ಚಿದರು. ಯಾರೋ ತೆಂಗಿನಕಾಯಿ ಒಡೆದರು. ಒಬ್ಬಾಕೆ ತನ್ನ ಮಗಳ ಫೋಟೊ ತಂದು ಮಾವನ ಪಾದದ ಬಳಿ ಇಟ್ಟು, ಈ ಸಂಬಂಧ ಕೂಡುತ್ತದೋ ಇಲ್ಲವೋ ಎಂದು ಕೇಳಿದಳು. ಜನರೆಲ್ಲ ಮಾವನ ಕಡೆ ತಿರುಗಿ, ತನಗೆ ಬೆನ್ನು ಹಾಕಿದ್ದು ಕಂಡು ಕುನಾಲನ ಮುಖ ಸಣ್ಣದಾಯಿತು. ಮಾವನ ಕಿವಿಗೆ ಬಾಗಿ, ಸಾಕು ಏಳ್ರಿ ಸರ್ ಎಂದು ಗೋಗರೆಯತೊಡಗಿದ. ಮಹಾದೇವ ಅತ್ತೆಗೆ ಫೋನ್ ಹಚ್ಚಿದ.

ಅತ್ತೆ ಬಂದು, ಸೆರಗಿನಿಂದ ಬೆವರು ಒರೆಸಿಕೊಂಡು ‘ರೈಟ್’ ಎಂದರು. ಮಾವ ಎದ್ದು ಪಾಯಖಾನೆ ಎಲ್ಲಿದೆ ಎಂದು ಕೇಳಿದರು. ಇಬ್ಬರು ಭಕ್ತರು ಅಲ್ಲಿಯವರೆಗೂ ಕೈಮುಗಿದುಕೊಂಡು ಹಿಂದೆ ಹೋದರು. ವಾಪಸು ಆಟೊದಲ್ಲಿ ಮಾವ ತಮ್ಮ ಪಾಡಿಗೆ, ಮನಸ್ಸಿಗೆ ಬಹಳ ಶಾಂತಿ ಆಯಿತು ಎಂದರು. ಅತ್ತೆ ರಸ್ತೆ ನೋಡುತ್ತಾ, “ನಿಮಗ ಆತು. ನನಗ?” ಎಂದರು.

ಅದಾದ ವಾರಕ್ಕೆ ಅತ್ತೆಯ ತಂಗಿ ಶೀಲಾ ಬಂದರು. ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ಅಲ್ಲಿಂದ ಇಲ್ಲಿಯವರೆಗೆ ಸೀರೆ ಕಚ್ಚೆ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಒಬ್ಬರೇ ಬಂದಿದ್ದರು. ಬಾಳೆಗೊನೆ ಇಳಿಸಿದರು, ಉಂಡರು, ಒಂದು ಸಣ್ಣ ನಿದ್ದೆ ತೆಗೆದರು, ಸಾಕು ಅನ್ನಿಸಿದಾಗ ಸ್ಕೂಟರ್ ಹತ್ತಿ ಹೊರಟುಹೋದರು. ಅತ್ತೆ ಗೇಟಿನಲ್ಲಿ ನಿಂತು, ತಂಗಿ ತಿರುವಿನಲ್ಲಿ ಮರೆಯಾದ ಮೇಲೂ ಬಹಳ ಹೊತ್ತು ಅತ್ತಲೇ ನೋಡಿದರು. ಒಳಗೆ ಬಂದು ನನಗೆ ಹೇಳಿದ್ದು ಒಂದೇ ಮಾತು. ಶೀಲಾಗೆ ಯಾರೂ ರೈಟ್ ಅನ್ನಲಿಲ್ಲ, ನೋಡಿದಿಯಾ, ಆಕೆ ಹಾಗೇ ಹೋದಳು. ನಾನು ಹೂಂ ಎಂದು ಬಟ್ಟೆ ಮಡಿಸತೊಡಗಿದೆ. ಆ ಮಾತಿನ ಭಾರ ನನಗೆ ಆಗ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಮಾವನಿಗೆ ಚಹಾದ ರೈಟ್ ಕೊಟ್ಟು ಮುಗಿಸಿದ ಅತ್ತೆ ಚೀಲ ಹಿಡಿದು ಹೊರಬಂದರು. ಕಮಲಾಪುರಕ್ಕೆ ಹೋಗುತ್ತೇನೆ, ಮನಸ್ಸಿಗೆ ತಿಳಿದಾಗ ಬರುತ್ತೇನೆ, ರೈಟ್ ಎಲ್ಲ ಫೋನಿನಲ್ಲೇ ಹೇಳುತ್ತೇನೆ ಎಂದು ಹೇಳಿ ಚಪ್ಪಲಿ ಮೆಟ್ಟಿದರು. ‘ತಿಳಿದಾಗ’ ಎಂಬ ಮಾತು ನನ್ನ ಎದೆಗೆ ನಾಟಿತು. ಸುಳ್ಳು ಯಾಕೆ ಹೇಳಲಿ, ಅತ್ತೆಯ ಮೇಲಿನ ಪ್ರೀತಿಯಿಂದಲ್ಲ. ಅತ್ತೆ ಬಾರದಿದ್ದರೆ ಆ ಚಾರ್ಜ್ ಯಾರ ತಲೆಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಒಮ್ಮೆ ನೋಡೋಣವೆಂದು ಮಾವನ ಮುಂದೆ ನಿಂತು ನಾನೇ ರೈಟ್ ಎಂದೆ. ಅವರು ಬಹಳ ಮರ್ಯಾದೆಯಿಂದ, ಪ್ಯಾಸೆಂಜರ್ ಅಂದರೆ ಗಾಡಿ ಬಿಡುವ ಹಾಗಿಲ್ಲವ್ವ ಎಂದರು.

ಮೊದಲ ದಿನ ಫೋನಿನಲ್ಲೇ ಸಂಸಾರ ಸಾಗಿತು. ಪ್ರತಿ ಸಲವೂ ಅತ್ತೆ ಗೇಟು, ಗ್ಯಾಸು, ಮೆಟ್ಟಿಲು ಎಲ್ಲ ನನ್ನಿಂದ ನೋಡಿಸಿಕೊಂಡೇ ರೈಟ್ ಅನ್ನುತ್ತಿದ್ದರು; ಯಾಕೆಂದು ನನಗೆ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ದಾಡಿಯ ಹೊತ್ತಿಗೆ ಎಡವಟ್ಟಾಯಿತು. ಅತ್ತೆ ರೈಟ್ ಎಂದರು, ಮಾವ ಒಂದು ಗಲ್ಲ ಮುಗಿಸಿದರು. ಅಷ್ಟರಲ್ಲಿ ಅತ್ತ ಕಡೆಯಿಂದ ಶೀಲಾ ಏನೋ ಕೂಗಿದ್ದು ಕೇಳಿಸಿತು. ಅತ್ತೆ ‘ಹೋಲ್ಡಾನ್’ ಎಂದು ಫೋನ್ ಇಟ್ಟವರು ಮತ್ತೆ ಹಚ್ಚಲೇ ಇಲ್ಲ. ನಾವು ಹಚ್ಚಿದರೆ ಸ್ವಿಚ್ ಆಫ್. ಮಾವ ಒಂದು ಕೈಯಲ್ಲಿ ರೇಜರ್, ಒಂದು ಗಲ್ಲದ ತುಂಬ ನೊರೆ ಹಿಡಿದು ಕನ್ನಡಿಯ ಮುಂದೆ ಕೂತರು. ನೊರೆ ಒಣಗಿ ಬಿರುಕು ಬಿಟ್ಟಿತು. ಮಹಾದೇವ ಉಳಿದ ಗಲ್ಲ ತಾನೇ ಕೆರೆಯುತ್ತೇನೆಂದು ಹೋದ. ಮಾವ ಮುಖ ತಿರುಗಿಸಬೇಕಲ್ಲ? ಆಮೇಲೆ ಆಫೀಸಿಗೆ ತಡವಾಯಿತೆಂದು ಬೈಕ್ ಹತ್ತಿ ಪಾರಾದ. ಈ ಮನೆಯ ಗಂಡಸರಲ್ಲಿ ಒಬ್ಬರು ಏಳುವುದಿಲ್ಲ, ಇನ್ನೊಬ್ಬರು ನಿಲ್ಲುವುದಿಲ್ಲ.

ನಾನು ಮೋಮಿನಪುರಕ್ಕೆ ಹೋಗಿ ಒಂದೊಂದೇ ಹೋಟೆಲು ಇಣುಕಿ ನಬಿಸಾಬರನ್ನು ಹಿಡಿದೆ. ಅವರು ಇನ್ನೊಂದು ಚಹಾ ಕುಡಿದು, ದಾರಿಯಲ್ಲಿ ಒಬ್ಬರ ಮನೆಯ ಹೊಸ ಬಾಗಿಲು ನೋಡಿ ಹೊಗಳಿ, ಮಧ್ಯಾಹ್ನ ಮಾಡಿಕೊಂಡು ಬಂದರು. ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ‘ರೈಟ್’ ಎಂದು ಕೂಗಿದರು. ಮಾವ ಕದಲಲಿಲ್ಲ. ಇನ್ನೂ ಜೋರಾಗಿ ಕೂಗಿದರು. ನೊರೆಯ ಒಂದು ಚೂರು ಉದುರಿತು, ಅಷ್ಟೆ.

“ನಬಿ,” ಎಂದರು ಮಾವ, “ನೀ ಹಿಂದ ನೋಡಲಿಲ್ಲ.”

ನಬಿಸಾಬರ ಮುಖ ಬಿಳುಪೇರಿತು. ಮಾವ ಕನ್ನಡಿಯಿಂದ ಕಣ್ಣು ತೆಗೆಯದೆ ಮುಂದುವರಿಸಿದರು. “ಡ್ರೈವರಗ ಮುಂದಿಂದು ಕಾಣಸ್ತದ. ಕನ್ನಡ್ಯಾಗ ಅರ್ಧಾ ಕಾಣಸ್ತದ. ಹಿಂದಿನ ಬಾಗಲ ಪಾವಟಿಗಿ ಮ್ಯಾಲೆ ಯಾರರ ಕಾಲಿಟ್ಟಾರೋ ಇಲ್ಲೋ, ಅದು ಕಾಣಂಗಿಲ್ಲ. ಅದನ್ನ ನೋಡ್ದವರು ಅಂದ್ರ ಅದು ರೈಟ್. ನೋಡಲಾರದೆ ಅಂದ್ರ ಬರೇ ಒದರೋದು.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಇದನ್ನು ಕೇಳಿಯೇ ಇರಲಿಲ್ಲ. ಮಾವನದು ಮೊಂಡುತನ, ಹಳೆಯ ಚಟ, ಸ್ವಲ್ಪ ತಲೆಕೆಟ್ಟಿದೆ ಎಂದಷ್ಟೇ ತಿಳಿದಿದ್ದೆ. ನಬಿಸಾಬರು ಗೇಟಿಗೆ ಹೋದರು. ರಸ್ತೆಯ ಆ ಕಡೆ ಈ ಕಡೆ ನೋಡಿದರು. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕನ್ನು ಎತ್ತಿ ಪಕ್ಕಕ್ಕಿಟ್ಟರು. ಅಡುಗೆಮನೆಗೆ ಇಣುಕಿ ಗ್ಯಾಸ್ ಆರಿದೆಯೇ ಎಂದು ನೋಡಿದರು. ಬಂದು, ಅಂಗಿಯ ಗುಂಡಿ ಹಾಕಿಕೊಂಡು, ಮೆಲ್ಲಗೆ “ರೈಟ್” ಎಂದರು. ಮಾವ ರೇಜರ್ ಕೆಳಗಿಟ್ಟು ಎದ್ದು ನಿಂತರು.

ಆದರೆ ನಬಿಸಾಬರು ಬೆವತುಹೋಗಿದ್ದರು. ಇನ್ನು ಇದು ನನ್ನಿಂದ ಆಗುವುದಿಲ್ಲವ್ವ, ನೋಡುವ ಕಣ್ಣು ಹೋಗಿಬಿಟ್ಟಿದೆ, ಕಮಲಾಪುರದವರೆಗೆ ಬಂದು ವೈನಿಯ ಕೈಗೆ ಒಪ್ಪಿಸಿಬಿಡುತ್ತೇನೆ ಎಂದರು. ನನಗೂ ಅದೇ ಬೇಕಾಗಿತ್ತು. ಉಳಿದ ಗಲ್ಲದ ದಾಡಿ ಯಾರಿಗೂ ನೆನಪಾಗಲಿಲ್ಲ. ಒಂದು ಕಡೆ ನುಣುಪು, ಒಂದು ಕಡೆ ಬಿಳಿ ಕೂಳೆಯ ಮಾವನನ್ನು ಮುಂದಿಟ್ಟುಕೊಂಡು ನಾವು ಬಸ್ ಸ್ಟ್ಯಾಂಡಿಗೆ ಹೋದೆವು.

ಬಸ್ಸಿನಲ್ಲಿ ನನಗೆ ಹೊಳೆಯದ ಒಂದು ಸಂಗತಿಯಿತ್ತು. ಆ ಬಸ್ಸಿಗೂ ಕಂಡಕ್ಟರ್ ಇದ್ದ, ಅವನಿಗೂ ಸೀಟಿ ಇತ್ತು. ಎರಡು ಸೀಟಿ ಹೊಡೆದ ಕೂಡಲೇ ಬಸ್ಸು ಹೊರಟಿತು, ಮಾವನೂ ಎದ್ದು ಹೊರಟರು. ಬಾಗಿಲು ಮುಟ್ಟುವಷ್ಟರಲ್ಲಿ ಒಂದು ಸೀಟಿ ಬಿತ್ತು. ಬಸ್ಸು ನಿಂತಿತು, ಮಾವ ಅಲ್ಲೇ ನಿಂತರು. ಊರು ದಾಟುವವರೆಗೂ ಹೀಗೇ ನಡೆಯಿತು. ಹೆಂಗಸರು ಆಧಾರ್ ಕಾರ್ಡ್ ಹಿಡಿದು ಟಿಕೆಟ್ಟಿಗೆ ಕಾದಿದ್ದರು. ಅವರ ನಡುವೆ ಅರ್ಧ ದಾಡಿಯ ಮುದುಕರು ಹಿಂದಕ್ಕೂ ಮುಂದಕ್ಕೂ ಓಡಾಡುವುದನ್ನು ನೋಡಿ ಒಬ್ಬಾಕೆ ಇವರೇ ಚೆಕಿಂಗ್‌ನವರು ಎಂದು ತಿಳಿದು ಕಾರ್ಡ್ ತೋರಿಸಿದಳು. ಕಂಡಕ್ಟರ್ ತರುಣ, ನಬಿಸಾಬರು ಅವನಿಗೆ ವಿಷಯ ಹೇಳಿದರು. ಅವನು ನಗಲಿಲ್ಲ. ಕಮಲಾಪುರ ಮುಟ್ಟುವವರೆಗೆ ಸೀಟಿ ಜೇಬಿಗೆ ಹಾಕಿ, ಬಸ್ಸಿನ ತಗಡು ಬಡಿದೇ ಕೆಲಸ ನಡೆಸಿದ. ಮಾವ ಕಿಟಕಿಯ ಹೊರಗಿನ ತೊಗರಿ ಹೊಲ ನೋಡುತ್ತಾ ಕೂತರು. ಈ ದಾರಿಯನ್ನು ಪಕ್ಕದ ಕಿಟಕಿಯಿಂದ ಎಂದೂ ನೋಡಿಯೇ ಇರಲಿಲ್ಲ ಎಂದರು.

ಕಮಲಾಪುರದಲ್ಲಿ ಶೀಲಾ ಅವರ ಮನೆಯ ಮುಂದೆ ಅತ್ತೆ ಸ್ಕೂಟರಿನ ಮೇಲೆ ಕೂತಿದ್ದರು. ಹೆಲ್ಮೆಟ್ ಹಾಕಿದ್ದರು, ಇಂಜಿನ್ ಚಾಲೂ ಇತ್ತು, ಸ್ಕೂಟರ್ ನಿಂತಲ್ಲೇ ನಿಂತಿತ್ತು. ಶೀಲಾ ಕಟ್ಟೆಯ ಮೇಲೆ ಹಣೆ ಹಿಡಿದುಕೊಂಡಿದ್ದರು. ನಮ್ಮನ್ನು ಕಂಡದ್ದೇ ಅವರ ಬಾಯಿ ಬಿಚ್ಚಿತು. ಅಕ್ಕ ನಿನ್ನೆ ಒಂದೇ ದಿನದಲ್ಲಿ ಗಾಡಿ ಕಲಿತಿದ್ದಾಳೆ, ತಾನು ಹಿಂದೆ ಕೂತರೆ ತೋಟವನ್ನೆಲ್ಲ ಸುತ್ತಿ ಬರುತ್ತಾಳೆ, ಒಬ್ಬಳೇ ಕೂತರೆ ಮಾತ್ರ ಕೈ ತಿರುಗಿಸುವುದಿಲ್ಲ. ಬೆಳಗಿನಿಂದ ಹೀಗೇ ಕೂತಿದ್ದಾಳೆ, ಪೆಟ್ರೋಲು ಸುಡುತ್ತಿದೆ. ಗಂಗಾಳದ ಮುಂದೆ ಕೂತರೂ ಮೊದಲು ಗೋಡೆಗೆ ರೈಟ್ ಅಂದು ಆಮೇಲೆ ತಾನು ಉಣ್ಣುತ್ತಾಳೆ, ಎಮ್ಮೆಗೂ ಅನ್ನುತ್ತಾಳೆ. ಅಡುಗೆಮನೆಯಿಂದ ತಾನೇ ಹತ್ತು ಸಲ ಅಕ್ಕನಿಗೆ ರೈಟ್ ಎಂದು ಕೂಗಿದ್ದಾಯಿತು, ಏನೂ ಉಪಯೋಗವಾಗಲಿಲ್ಲ. ಫೋನ್ ಬಡಿದರೆ ಗಾಡಿಯ ಮೇಲೆ ಗಮನ ನಿಲ್ಲುವುದಿಲ್ಲವೆಂದು ಅದನ್ನು ಆರಿಸಿ ಇಟ್ಟದ್ದೂ ಅತ್ತೆಯೇ.

ಅತ್ತೆ ಹೆಲ್ಮೆಟ್ಟಿನ ಒಳಗಿಂದ ಮಾವನ ಗಲ್ಲ ನೋಡಿದರು. ಅವರ ಕಣ್ಣು ತುಂಬಿತು, ಆದರೆ ಇಳಿಯಲಿಲ್ಲ. ನಾನು ಬಳಿ ಹೋಗಿ ಸ್ಕೂಟರಿನ ಹಿಡಿಕೆ ಹಿಡಿದು ಗೋಗರೆದೆ. ಮನೆ ಮನೆಯಾಗಿಲ್ಲ, ಮಾವ ಬೆಳಗಿನಿಂದ ಉಂಡಿಲ್ಲ, ಈಗಿನ ಬಸ್ಸಿಗೇ ಹೋಗೋಣ, ನಿಮ್ಮ ಕೈಮುಗಿಯುತ್ತೇನೆ ಎಂದೆಲ್ಲ ಹೇಳಿದೆ. ಅತ್ತೆ ನನ್ನತ್ತ ನೋಡದೆ ಮಾವನಿಗೇ ಹೇಳಿದರು.

“ನೀವು ರಿಟೈರ್ ಆದಾಗಿಂದ ನಿಮಗ ರೈಟ್ ಅನ್ನಾಕತ್ತೀನಿ. ನಿಮ್ಮ ಬೆನ್ನ ಹಿಂದ ಎಲ್ಲಾ ನೋಡೇ ಅಂದೀನಿ, ಒಂದ್ ದಿನಾನೂ ಸುಮ್ನ ಒದರಿಲ್ಲ. ನನ್ನ ಬೆನ್ನ ಹಿಂದ ಯಾರರ ನೋಡಿರೇನು? ಈಗ ಇಲ್ಲಿ ಕುಂತೀನಿ. ಹೋಗಬೇಕು ಅನಸ್ತದ. ನಾ ಹೋದ್ರ ಹಿಂದ ಯಾರು ಬೀಳ್ತಾರೋ ಅಂತ ಕೈ ತಿರಗವಲ್ದು.”

ಹಾಗೆ ಹಿಂದೆ ಬೀಳುವವರಲ್ಲಿ ನಾನೂ ಒಬ್ಬಳಿದ್ದೆ, ಅತ್ತೆಯನ್ನು ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದವಳೂ ನಾನೇ. ನಬಿಸಾಬರು ನೆಲ ನೋಡುತ್ತಿದ್ದರು. ಮಾವನಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅವರ ಕುತ್ತಿಗೆ ನಿಧಾನಕ್ಕೆ, ತುಕ್ಕು ಹಿಡಿದ ಬೋಲ್ಟಿನ ಹಾಗೆ, ಹಿಂದಕ್ಕೆ ತಿರುಗಿತು. ಅವರು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಎಮ್ಮೆಯನ್ನು ನೋಡಿದರು, ಅದು ಗೂಟಕ್ಕೆ ಕಟ್ಟಿತ್ತು. ಶೀಲಾ ಅವರ ಮನೆಯ ಬಾಗಿಲು ನೋಡಿದರು. ನಬಿಸಾಬರಿಗೆ ಕಾಲು ಒಳಗೆ ತೆಗೆದುಕೊಳ್ಳಲು ಹೇಳಿದರು. ಕೊನೆಗೆ ನನ್ನನ್ನು ನೋಡಿದರು, ಸ್ಕೂಟರಿನ ಹಿಡಿಕೆಯ ಮೇಲಿದ್ದ ನನ್ನ ಕೈಯನ್ನು ನೋಡಿದರು. ನಾನು ಕೈ ತೆಗೆದೆ.

“ಎಲ್ಲಾ ನೋಡೀನಿ ಅಂಬಮ್ಮ,” ಎಂದರು. “ಯಾರೂ ಬೀಳಂಗಿಲ್ಲ. ರೈಟ್.”

ಡ್ರೈವರ್ ಆದವನು ಆ ಮಾತನ್ನು ಎಂದೂ ಆಡುವುದಿಲ್ಲ. ಮಾವನ ಬಾಯಲ್ಲಿ ಅದು ಒರಟಾಗಿ, ಒಂದು ಪಕ್ಕಕ್ಕೆ ವಾಲಿ ಹೊರಬಿತ್ತು. ಅತ್ತೆ ಕೈ ತಿರುಗಿಸಿದರು. ಸ್ಕೂಟರ್ ಒಮ್ಮೆ ಜಿಗಿದು, ಸಾವರಿಸಿಕೊಂಡು, ಬೀದಿ ಹಿಡಿದು ಹೊರಟಿತು. ಬಾಳೆ ತೋಟದ ಬೇಲಿ ದಾಟಿತು. ತಿರುವಿನಲ್ಲಿ ತೋಟ ಸುತ್ತಿ ಬರಲು ಎಡಕ್ಕೆ ಹೊರಳಬೇಕಾಗಿದ್ದ ಅತ್ತೆ ಬಲಕ್ಕೆ, ದೊಡ್ಡ ರಸ್ತೆಯ ಕಡೆಗೆ ಹೊರಳಿದರು. ಶೀಲಾ ಎದ್ದು ನಿಂತು, ದೊಡ್ಡ ರಸ್ತೆ ಇನ್ನೂ ಕಲಿಸಿಲ್ಲ ಎಂದರು.

ನಬಿಸಾಬರು ಏನೋ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಮಾವ ಓಡಿದ್ದರು. ಯಾರೂ ರೈಟ್ ಅಂದಿರಲಿಲ್ಲ. ಧೋತರದ ಚುಂಗು ಕೈಯಲ್ಲಿ ಹಿಡಿದು, ಹೋಲ್ಡಾನ್, ಹೋಲ್ಡಾನ್ ಎಂದು ಕೂಗುತ್ತಾ, ಅರ್ಧ ದಾಡಿಯ ಅರವತ್ತು ದಾಟಿದ ಮನುಷ್ಯ ದೊಡ್ಡ ರಸ್ತೆಯ ಪಕ್ಕದಲ್ಲಿ ಓಡುತ್ತಿದ್ದರು. ಅತ್ತೆ ನಿಲ್ಲಲಿಲ್ಲ. ಒಂದು ಟ್ರ್ಯಾಕ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು, ಪಂಕ್ಚರ್ ಅಂಗಡಿಯವರು ಎದ್ದು ನಿಂತು ನೋಡಿದರು. ನಾನು ಹಿಂದಿನಿಂದ ಓಡುತ್ತಾ ಅಳುತ್ತಿದ್ದೆ, ನಗುತ್ತಲೂ ಇದ್ದೆ. ಯಾವುದು ಯಾವಾಗ ಶುರುವಾಯಿತೋ ಗೊತ್ತಿಲ್ಲ.

ನಾನು ಹೋಗಿ ಮುಟ್ಟುವ ಹೊತ್ತಿಗೆ ಮಾವ ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆ ತಾವಾಗಿಯೇ ತಿರುಗಿಸಿಕೊಂಡು ಬಂದರು. ನೀಟಾಗಿ ಬ್ರೇಕ್ ಹಾಕಿ, ಸ್ಟ್ಯಾಂಡ್ ಒದ್ದು, ಹೆಲ್ಮೆಟ್ ತೆಗೆದು ಮಾವನ ಪಕ್ಕ ಕೂತರು. ಮನೆಗೆ ಎಂದು ಬರುತ್ತೀರಿ ಎಂದು ನಾನು ಕೇಳಲಿಲ್ಲ. ಕೂಗಿದ್ದು ಕೇಳಿಸಲಿಲ್ಲವೇ ಎಂದಷ್ಟೇ ಕೇಳಿದೆ.

“ಕೇಳಿಸ್ತು. ಕನ್ನಡ್ಯಾಗ ಕಾಣಸ್ತಿದ್ರು,” ಎಂದರು ಅತ್ತೆ. “ನಿಲ್ಲಸಬೇಕು ಅಂದೆ. ಆದ್ರ ಇವರು ಹಂಗ ಓಡೋದು ನೋಡಿ, ಇನ್ನೊಂದೀಟು ಓಡ್ಲಿ ಅನ್ನಿಸ್ತು.”

ಮಾವ ಉಸಿರು ಹಿಡಿದು, ನೀರು ಕೊಡು ಎಂದು ನನ್ನ ಕಡೆ ಕೈ ಚಾಚಿ, ಯಾರ ಮಾತಿಗೂ ಕಾಯದೆ ನನ್ನ ಚೀಲದಲ್ಲಿದ್ದ ಬಾಟಲಿ ಖಾಲಿ ಮಾಡಿದರು.

“ಓಡೋವಾಗ ನನಗೂ ಹಂಗೇ ಅನ್ನಿಸ್ತು,” ಎಂದರು.